ಮೆನಾಶೆಯ ಮಗಳು

ಕೋಬೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಕೋಕಿಲಾಳಿಗೆ ಪಕ್ಕದ ಮನೆಯ ಫ್ರುಮಾ ಅಜ್ಜಿಯೇ ಆಗಿಬಿಟ್ಟಿದ್ದರು. ತೊಂಬತ್ತು ದಾಟಿದ ಯಹೂದಿ ಹೆಂಗಸು. ಜಪಾನಿ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಕೊರೊನಾ ಬಂದಾಗ ಕೋಕಿಲಾ ಮೂಲೆಯ ಕೊಂಬಿನಿ ಅಂಗಡಿಯಿಂದ ಹಾಲು, ಬ್ರೆಡ್ಡು ತಂದು ಬಾಲ್ಕನಿಯಾಚೆಗೆ ಚಾಚುತ್ತಿದ್ದಳು. ಅಜ್ಜಿ ಅಲ್ಲೇ ನಿಂತು ಅಪ್ಪನ ವಿಷಯ ಹೇಳುತ್ತಿದ್ದರು.

ಅಪ್ಪ ಮೆನಾಶೆ ಲಿಥುವೇನಿಯಾದಲ್ಲಿ ದೊಡ್ಡ ಮರದ ವ್ಯಾಪಾರಿ. ಯುದ್ಧ ಶುರುವಾಗಿ ಪೋಲೆಂಡಿನಿಂದ ಯಹೂದಿಗಳು ಓಡಿಬಂದಾಗ ತಮ್ಮ ಗೋದಾಮನ್ನೇ ಅವರಿಗೆ ಬಿಟ್ಟುಕೊಟ್ಟರು. ಚಳಿಗೆ ಸತ್ತವರಿಗೆ ತಮ್ಮ ಹಲಗೆಗಳಲ್ಲೇ ಪೆಟ್ಟಿಗೆ ಮಾಡಿಸಿ, ಹೆಸರು ಗೊತ್ತಿಲ್ಲದವರನ್ನೂ ಮುಂದೆ ನಿಂತು ಮಣ್ಣು ಮಾಡಿದರು. ತಾಯಿಯಿಲ್ಲದ ಮಗಳನ್ನು ಜಪಾನಿಗೆ ಹೊರಟ ಒಂದು ಸಂಸಾರದ ಜೊತೆ ಕಳಿಸಿದರು. "ಇವರನ್ನೆಲ್ಲ ಗಡಿ ದಾಟಿಸಿ ಬರ್ತೀನಿ. ಕೋಬೆಯಲ್ಲೇ ಇರು."

ಬರಲಿಲ್ಲ. ಜರ್ಮನ್ ಸೈನ್ಯ ನುಗ್ಗಿದ ಮೇಲೆ ಗೋದಾಮಿನಲ್ಲಿದ್ದವರ ಜೊತೆಗೇ ಅವರನ್ನೂ ಗುಂಡಿಟ್ಟು ಕೊಂದು ಒಂದೇ ಹಳ್ಳಕ್ಕೆ ತಳ್ಳಿದರಂತೆ. ಅದೇ ವರ್ಷ ಜಪಾನ್ ಸರ್ಕಾರ ಕೋಬೆಯಲ್ಲಿದ್ದ ನಿರಾಶ್ರಿತರ ಜೊತೆ ಫ್ರುಮಾರನ್ನೂ ಶಾಂಘೈಗೆ ಸಾಗಿಸಿತ್ತು. ಯುದ್ಧ ಮುಗಿದು ಸುದ್ದಿ ತಿಳಿದ ಮೇಲೂ ಅವರು ಕೋಬೆಗೇ ವಾಪಸ್ ಬಂದರು.

"ಎಲ್ಲರನ್ನೂ ಮಣ್ಣು ಮಾಡಿದವರಿಗೆ ಒಂದು ಗೋರಿ ಇಲ್ಲ, ಕೋಕಿಲಾ. ನನ್ನನ್ನ ಸುಡೋಕೆ ಬಿಡಬೇಡ. ನಮ್ಮವರ ಸ್ಮಶಾನದಲ್ಲಿ ಹೂಳಿಸು."

"ಆಗಲಿ ಅಜ್ಜಿ."

ಕೊರೊನಾದ ಎರಡನೇ ವರ್ಷದ ವಸಂತದಲ್ಲಿ ಅಜ್ಜಿಗೆ ಜ್ವರ ಬಂತು. ಆಂಬುಲೆನ್ಸಿನವರು ಕರೆದೊಯ್ದರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ತೀರಿಕೊಂಡರೆಂದು ಫೋನ್ ಬಂದಾಗ ಕೋಕಿಲಾ ಓಡಿದಳು.

"ಅವರನ್ನು ಹೂಳಬೇಕು, ದಯವಿಟ್ಟು."

"ನೀವು ಅವರಿಗೇನಾಗಬೇಕು?"

"ಪಕ್ಕದ ಮನೆಯವಳು."

"ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತ ಆಸ್ಪತ್ರೆಯ ಸಿಬ್ಬಂದಿ ತಲೆಬಾಗಿದ. ಸೋಂಕಿನಿಂದ ಸತ್ತವರನ್ನು ಅಲ್ಲಿ ಸುಡುತ್ತಿದ್ದರು. ಅವಳು ಅತ್ತಳು, ಬೇಡಿಕೊಂಡಳು. ಅವನು ಮತ್ತೆ ತಲೆಬಾಗಿದ.

ನಗೋಯಾದಿಂದ ಅಣ್ಣ ಶ್ರೀಹರಿ ಫೋನಿನಲ್ಲಿ ಸಮಾಧಾನ ಮಾಡಿದ. "ನಮ್ಮಲ್ಲೂ ಸುಡ್ತೀವಲ್ಲ ಪುಟ್ಟಿ."

"ನಮ್ಮಲ್ಲಿ ಸುಡ್ತೀವಿ ಅಣ್ಣ. ಅವರಿಗೆ ನಾನು ಆಗಲಿ ಅಂದಿದ್ದೆ."

ಯಹೂದಿ ಮಂದಿರದ ಹಿರಿಯರೊಬ್ಬರು ಮನಸ್ಸು ಮಾಡಿ ಅಜ್ಜಿಯ ಬೂದಿಗೆ ತಮ್ಮ ಸ್ಮಶಾನದಲ್ಲಿ ಒಂದಿಷ್ಟು ಜಾಗ ಕೊಟ್ಟರು. ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಸೇರಬೇಕಂತೆ. ಆಗ ಸೇರುವ ಹಾಗಿರಲಿಲ್ಲ. ಹಿರಿಯರು ಮಾಸ್ಕಿನೊಳಗೇ ಏನೋ ಸಣ್ಣಗೆ ಹೇಳಿಕೊಂಡು ಪಕ್ಕಕ್ಕೆ ಸರಿದರು.

ಕೋಕಿಲಾ ಮಂಡಿಯೂರಿ ಹಿಡಿ ಮಣ್ಣು ಹಾಕಿದಳು.

"ಮೆನಾಶೆಯವರೇ," ಎಂದಳು ಕನ್ನಡದಲ್ಲೇ, "ನಿಮ್ಮ ಮಗಳು ಕೋಬೆಯಲ್ಲೇ ಇದ್ದಾರೆ."

ಇನ್ನೊಂದು ಹಿಡಿ ಮಣ್ಣು ಹಾಕಿದಳು.