ಬಾಗಿಲ ಹಿಂದಿನ ಅಳು

ದೇವದುರ್ಗದ ಆ ಓಣಿಯಲ್ಲಿ ಯಾರೇ ಸತ್ತರೂ ಮೊದಲು ಹೇಳಿ ಕಳಿಸುತ್ತಿದ್ದುದು ಬಸವಂತಮ್ಮನಿಗೆ. ಸ್ವಾಮಿಗಳು, ಭಜನೆಯವರು, ಹೂವಿನವರು ಎಲ್ಲ ಆಮೇಲೆ. ಹೆಣದ ಮುಂದೆ ಕೂತು ಹಾಡಿಕೊಂಡು ಅಳುವುದರಲ್ಲಿ ಆಕೆಯನ್ನು ಮೀರಿಸುವವರು ಸುತ್ತ ಹತ್ತೂರಿನಲ್ಲಿ ಇರಲಿಲ್ಲ. ಸತ್ತವರು ಬದುಕಿದ್ದಾಗ ಯಾರಿಗೆ ಉಣಿಸಿದರು, ಯಾರ ಕೈಲಿ ಬೈಸಿಕೊಂಡರು, ಯಾವ ಆಸೆ ಹೊಟ್ಟೆಯಲ್ಲೇ ಇಟ್ಟುಕೊಂಡು ಹೋದರು ಎಂಬುದನ್ನೆಲ್ಲ ಎಳೆಎಳೆಯಾಗಿ ಎತ್ತಿ ಆಡಿ ಅಳುತ್ತಿದ್ದಳು. ಸತ್ತವನ ಮುಖ ಕಂಡರೆ ಆಗದವರೂ ಕಣ್ಣೊರೆಸಿಕೊಂಡೇ ಏಳಬೇಕಾಗುತ್ತಿತ್ತು.

ಅಂಥ ಬಸವಂತಮ್ಮ ತಾನೇ ಸತ್ತಾಗ ಓಣಿಯ ಹೆಂಗಸರೆಲ್ಲ ಆಕೆಯ ಒಬ್ಬಳೇ ಮಗಳ ದಾರಿ ಕಾಯುತ್ತ ಕೂತರು. ಮಗಳು ರಾಯಚೂರಿನಿಂದ ಬರಬೇಕು, ಓಣಿಯ ಮೂಲೆಯಿಂದಲೇ ದನಿ ತೆಗೆಯಬೇಕು, ತಾಯಿಯ ಮುಂದೆ ಕೂತು ಹಾಡಿ ಅಳಬೇಕು. ಊರಿಗೆಲ್ಲ ಅತ್ತವಳಿಗೆ ಅವಳ ಹೊಟ್ಟೆಯ ಮಗಳು ಹೇಗೆ ಅಳುತ್ತಾಳೋ ನೋಡಿಯೇ ಬಿಡೋಣ ಎಂದು ಒಂದಿಬ್ಬರು ಜಾಗ ಹಿಡಿದೇ ಕೂತಿದ್ದರು. ಸಾವಿನ ಮನೆಯಲ್ಲೂ ಒಬ್ಬರನ್ನೊಬ್ಬರು ಪರೀಕ್ಷೆ ಮಾಡುವ ಚಟ ನಮ್ಮ ಜನಕ್ಕೆ ತಪ್ಪುವುದಿಲ್ಲ.

ಆ ಮಗಳು ಶಿವಗಂಗಾ. ರಾಯಚೂರಿನ ರೈಸ್ ಮಿಲ್ಲಿನವರ ಮನೆಯ ಸೊಸೆ. ಗಬ್ಬೂರು ದಾಟುವಾಗ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಒಣಗಿದ ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಗಂಡನ ಮನೆಯವರು ಕರವಸ್ತ್ರದಲ್ಲಿ ಮೂಗು ಒತ್ತಿಕೊಂಡು ಮೆಲ್ಲಗೆ ಅಳುವ ಜನ. ಇಷ್ಟು ವರ್ಷ ಅವರ ನಡುವೆ ಬಾಳಿದವಳಿಗೆ ಹಾಡಿ ಅಳುವ ಪದವೊಂದೂ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇತ್ತು. ತಾಯಿ ಮಗಳ ನಡುವೆ ಎರಡು ವರ್ಷಗಳಿಂದ ಮಾತಿರಲಿಲ್ಲ.

ಶಿವಗಂಗಾಳ ಮಗಳು ಸ್ವಪ್ನಾ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಬಸವಂತಮ್ಮ ಅವಳನ್ನು ತನ್ನ ಮಗ ಪಂಪಾಪತಿಯ ಮಗನಿಗೆ ಎಂದು ಮಾತು ಹಾಕಿ ಇಟ್ಟಿದ್ದಳು. ಸೋದರಮಾವನ ಮನೆಗೆ ಹೆಣ್ಣು ಬರುವುದು ಆ ಮನೆಯಲ್ಲಿ ಹಿಂದಿನಿಂದ ನಡೆದುಬಂದದ್ದು. ಬೆಳೆದ ಹುಡುಗಿ ಒಲ್ಲೆ ಅಂದಳು, ಶಿವಗಂಗಾ ಮಗಳ ಮಾತು ಕೇಳಿ ಬೇರೆ ಕಡೆ ಗೊತ್ತು ಮಾಡಿದಳು. ಅದನ್ನು ಹೇಳಲು ದೇವದುರ್ಗಕ್ಕೆ ಬಂದ ದಿನ ಅವ್ವ ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ಇನ್ನ ಈ ಹೊಸ್ತಿಲ ತುಳೀಬ್ಯಾಡ" ಅಂದು ಮಗಳನ್ನು ಹೊರಗೆ ನಿಲ್ಲಿಸಿ ಕದ ಹಾಕಿಕೊಂಡಳು.

ಆ ದಿನ ಮನೆಯಲ್ಲಿ ಅಣ್ಣ ಪಂಪಾಪತಿಯೂ ಇರಲಿಲ್ಲ, ಅತ್ತಿಗೆ ನೇತ್ರಾವತಿಯೂ ಇರಲಿಲ್ಲ. ಜಾಲಹಳ್ಳಿಗೆ ಮದುವೆಗೆ ಹೋಗಿದ್ದರು. ಒಳಗಿದ್ದವಳು ಅವ್ವನ ತಂಗಿ, ಮಾನವಿಯ ಸಿದ್ದಲಿಂಗಮ್ಮ ಒಬ್ಬಳೇ. ಶಿವಗಂಗಾ ಮುಚ್ಚಿದ ಕದದ ಮುಂದೆ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟಳು. ಒಳಗಿನಿಂದ ಸಪ್ಪಳವೇ ಇರಲಿಲ್ಲ. ತಿರುಗಿ ಹೋಗಿ ರಾಯಚೂರಿನ ಬಸ್ಸು ಹತ್ತಿದಳು. ತಾನು ಹೋದ ಮೇಲೆ ಅವ್ವ ಏನು ಮಾಡಿದಳು, ಏನಾದರೂ ಅಂದಳೋ ಇಲ್ಲವೋ ಎಂಬ ಪ್ರಶ್ನೆ ಅಂದಿನಿಂದ ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಚಿಗವ್ವನನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಕೇಳಿದರೆ ಎಂಥ ಉತ್ತರ ಬರುವುದೋ ಎಂದು ಹೆದರಿ ಸುಮ್ಮನಿದ್ದಳು.

ಕಾರಿನಲ್ಲಿ ಕೂತವಳು ಫೋನು ತೆಗೆದಳು. ಆ ಫೋನಿನೊಳಗಿನ ಎಐ ಅವಳಿಗೆ ಹೊಸದೇನಲ್ಲ. ಮಹಿಳಾ ಮಂಡಳಿಯ ಅಧ್ಯಕ್ಷೆಯಾಗಿ ಅವಳು ಮಾಡಿದ ಭಾಷಣಗಳೆಲ್ಲ ಅದು ಬರೆದುಕೊಟ್ಟವೇ, ಒಬ್ಬರಿಗೂ ಗುಮಾನಿ ಬಂದಿರಲಿಲ್ಲ. ಇವತ್ತು ಅವಳು ಅವ್ವ ಸತ್ತದ್ದನ್ನು ಬರೆದಳು, ಅವ್ವ ಊರಿಗೆಲ್ಲ ಅತ್ತದ್ದನ್ನು ಬರೆದಳು, ಮೊಮ್ಮಗಳ ಮದುವೆಯ ಜಗಳ, ಹಾಕಿದ ಕದ, ಹತ್ತಿದ ಬಸ್ಸು ಎಲ್ಲ ಬರೆದಳು. ದೇವದುರ್ಗದ ಮಾತಿನಲ್ಲಿ ಹಾಡಿ ಅಳಲು ಬರೆದುಕೊಡು ಅಂದಳು. ಮುಂದಿನ ಊರು ಬರುವುದರೊಳಗೆ ಅದು ಬರೆದು ಮುಗಿಸಿತ್ತು.

"ಮಂದಿ ಸತ್ತರ ಮಳಿಯಂಗ ಅತ್ತೀ ಯವ್ವಾ, ನಿನ್ನ ಸಾವಿಗಿ ಅಳಾಕ ನನಗ ಬಾಯಿ ಕಲಿಸದಾ ಹೋದ್ಯಲ್ಲ ಯವ್ವಾ" ಎಂದು ಅದು ಶುರುವಾಗಿತ್ತು. ನಡುವೆ ಅವ್ವನನ್ನು ಬೈದಿತ್ತು, ಬೈದದ್ದಕ್ಕೆ ಕೆನ್ನೆ ಬಡಿದುಕೊಂಡಿತ್ತು, ಒಂದು ಕಡೆ ಉಸಿರು ಕಟ್ಟಿದಂತೆ ಅರ್ಧಕ್ಕೇ ನಿಂತು ಮತ್ತೆ ಮೊದಲಿನ ಮಾತನ್ನೇ ಹಿಡಿದಿತ್ತು. ಆಮೇಲೆ ಈ ಸಾಲು ಬಂತು: "ಹೊಸ್ತಿಲ ತುಳೀಬ್ಯಾಡಂತ ಕದಾ ಹಾಕಿದ್ಯಲ್ಲ, ಕದದ ಹಿಂದ ನಿಂತು ಸೆರಗ ಬಾಯಾಗ ತುರುಕ್ಕೊಂಡು ಅತ್ತೀ ಯವ್ವಾ, ನಾ ಕೇಳಿಸ್ಕೊಂಡೂ ಕೇಳದಂಗ ಬಸ್ ಹತ್ತಿದೆ ಯವ್ವಾ."

ಇದನ್ನು ಶಿವಗಂಗಾ ಬರೆದಿರಲಿಲ್ಲ. ಅವ್ವ ಅತ್ತಳೆಂದು ಅವಳಿಗೆ ಗೊತ್ತೇ ಇರಲಿಲ್ಲ, ಕೇಳಿಸಿಕೊಂಡದ್ದಂತೂ ಶುದ್ಧ ಸುಳ್ಳು. ಅಳಿಸಿಬಿಡಬೇಕೆಂದು ಬೆರಳಿಟ್ಟಳು. ಇನ್ನೊಮ್ಮೆ ಓದಿದಳು. ಬೆಳಗಿನಿಂದ ಒಂದು ಹನಿಯೂ ಬಾರದ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಹೀಗೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಅವಳಿಗೆ, ಹೀಗೇ ಆಗಿರಬೇಕು ಅಂತಲೂ ಅನ್ನಿಸಿತು. ದೇವದುರ್ಗ ಬರುವವರೆಗೆ ಆ ಸಾಲುಗಳನ್ನು ಬಾಯಿಪಾಠ ಮಾಡಿದಳು.

ಓಣಿಯ ಮೂಲೆಯಲ್ಲಿ ಇಳಿದು ದನಿ ತೆಗೆದಾಗ ನೇತ್ರಾವತಿ ಓಡಿ ಬಂದು ಕೊರಳಿಗೆ ಬಿದ್ದಳು. ವಿಭೂತಿ ಹಚ್ಚಿ, ಹೂವು ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನ ಮುಂದೆ ಶಿವಗಂಗಾ ಕುಸಿದು ಕೂತು ಹಾಡಿ ಅತ್ತಳು. ಕದದ ಸಾಲು ಬಂದಾಗ ಅಂಗಳದ ಗಂಡಸರೂ ತಲೆ ತಗ್ಗಿಸಿದರು. ಭಜನೆಯವರು ತಾಳ ಕೆಳಗಿಟ್ಟರು. ಪರೀಕ್ಷೆ ಮಾಡಲು ಜಾಗ ಹಿಡಿದವರು ಎಲ್ಲರಿಗಿಂತ ಜೋರಾಗಿ ಅತ್ತರು. ಯಾರೋ ಫೋನಿನಲ್ಲಿ ಹಿಡಿದದ್ದು ಹೆಣ ಮಣ್ಣಾಗುವುದರೊಳಗೆ ಬಳಗದ ವಾಟ್ಸಾಪಿಗೆಲ್ಲ ಹೋಗಿ, ಕೇಳಿದವರೆಲ್ಲ ತಾಯಿಗೆ ತಕ್ಕ ಮಗಳು ಅಂದರು.

ಸತ್ತವರ ಹೆಸರಿನಲ್ಲಿ ಬಳಗಕ್ಕೆ ಉಣಿಸುವ ಶಿವಗಣಾರಾಧನೆಯ ದಿನ ಊಟ ಮುಗಿಸಿ ಹೆಂಗಸರು ಪಡಸಾಲೆಯಲ್ಲಿ ಕೂತಾಗ ಮಾತು ತಿರುತಿರುಗಿ ಅಲ್ಲಿಗೇ ಬಂತು. ಬಸವಂತಮ್ಮ ಮೇಲೆ ಎಷ್ಟು ಬಿರುಸೋ ಒಳಗೆ ಅಷ್ಟೇ ಮೆತ್ತಗೆ, ಪಾಪ, ಕದದ ಹಿಂದೆ ನಿಂತು ಅತ್ತಳಂತೆ ಎಂದು ಒಬ್ಬಳು ಹೇಳಿದಳು. ಸೊಸೆ ನೇತ್ರಾವತಿಯೂ ಅತ್ತೆಯ ಕಣ್ಣು ಆ ವಾರವೆಲ್ಲ ಕೆಂಪಗೇ ಇದ್ದವು ಎಂದು ಸೇರಿಸಿದಳು. ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಸಿದ್ದಲಿಂಗಮ್ಮ ತಲೆ ಎತ್ತಿದಳು.

"ಆಕಿ ಅಳ್ಳಿಲ್ಲ," ಅಂದಳು. "ನಾ ಅಲ್ಲೇ ಇದ್ದೆ. ಕದಾ ಹಾಕಿ ಬಂದಾಕಿನ ಮೊರ ತಗೊಂಡು ಜ್ವಾಳ ಹಸನ ಮಾಡಾಕ ಕುಂತ್ಲು. ಹಸನ ಆಗಿದ್ದನ್ನ ಮತ್ತ ಹಸನ ಮಾಡಿದ್ಲು. ಹೊತ್ತ ಮುಳುಗೋ ಮುಂದ ನನ್ನ ಕಡಿ ತಿರುಗಿ ಒಂದ ಮಾತ ಅಂದ್ಲು..."

ಶಿವಗಂಗಾಳ ಜೀವವೆಲ್ಲ ಕಿವಿಗೆ ಬಂತು. ಆದರೆ ನೇತ್ರಾವತಿ ನಡುವೆ ಬಾಯಿ ಹಾಕಿದಳು. ಸತ್ತವರ ಮೇಲೆ ಇಲ್ಲದ್ದು ಹೇಳಬಾರದು ಸಣ್ಣತ್ತೀ, ಹೊಟ್ಟೆಯ ಮಗಳೇ ಕಿವಿಯಾರೆ ಕೇಳಿದ್ದಾಳೆ ಅಂದಳು. ವಯಸ್ಸಾದ ಮೇಲೆ ಹಿಂದಿನದು ಮುಂದಿನದು ಕಲಸಿಹೋಗುತ್ತದೆ ಎಂದು ಇನ್ನೊಬ್ಬಳು ದನಿಗೂಡಿಸಿದಳು. ತಂಗಿಗೆ ಅಕ್ಕನ ಮೇಲೆ ಹಳೆಯ ಹೊಟ್ಟೆಕಿಚ್ಚು ಎಂದು ಮತ್ತೊಬ್ಬಳು ಕೇಳಿಸುವಂತೆಯೇ ಪಿಸುಗುಟ್ಟಿದಳು. ಸಿದ್ದಲಿಂಗಮ್ಮ ಅವರಾರನ್ನೂ ನೋಡದೆ ಶಿವಗಂಗಾಳ ಕಡೆ ತಿರುಗಿದಳು.

"ನೀನರ ಹೇಳವ್ವಾ. ನಿನಗ ಕೇಳಿಸಿತ್ತೇನು?"

ಪಡಸಾಲೆಯ ಕಣ್ಣುಗಳೆಲ್ಲ ಅವಳ ಮೇಲೆ ಬಿದ್ದವು. ಇಲ್ಲ ಅಂದರೆ ಆ ಸಾಲು ಎಲ್ಲಿಂದ ಬಂತೆಂದು ಹೇಳಬೇಕು. ಬಸವಂತಮ್ಮನಿಗೆ ಅತ್ತದ್ದು ಮಗಳಲ್ಲ, ಫೋನು ಎಂದು ಆಕೆ ಕೂತು ಎದ್ದ ಮನೆಯಲ್ಲೇ ಬಾಯಿಬಿಟ್ಟು ಹೇಳಬೇಕು. ಅಷ್ಟು ಧೈರ್ಯ ಶಿವಗಂಗಾಳಿಗೆ ಇರಲಿಲ್ಲ.

"ಕೇಳಿಸಿತ್ತು ಚಿಗವ್ವಾ," ಅಂದಳು.

ಸಿದ್ದಲಿಂಗಮ್ಮ ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿಟ್ಟಳು. ಇಳಿಹೊತ್ತಿನ ಬಸ್ಸಿಗೆ ಹೊರಟಾಗ ಅವಳು ಯಾರ ಮೇಲೂ ಸಿಟ್ಟು ತೋರಿಸಲಿಲ್ಲ. ಏನೋ ಕಳೆದುಕೊಂಡವಳಂತೆ ಹೊಸ್ತಿಲಲ್ಲಿ ನಿಂತು ಆ ಕದವನ್ನೇ ಸ್ವಲ್ಪ ಹೊತ್ತು ನೋಡಿ ಹೋದಳು.

ರಾಯಚೂರಿಗೆ ಮರಳಿದ ಮೇಲೆ ಶಿವಗಂಗಾಳಿಗೆ ಅನ್ನ ಸೇರದಾಯಿತು. ಹೊತ್ತು ಮುಳುಗುವಾಗ ಅವ್ವ ಅಂದ ಆ ಒಂದು ಮಾತು ಯಾವುದು? ಶಾಪವೇ ಇರಲಿ, ಬೈಗುಳವೇ ಇರಲಿ, ತನ್ನ ಬಗ್ಗೆ ಅವ್ವ ಆಡಿದ ಕೊನೆಯ ಮಾತು ಅದು. ಒಂದು ದಿನ ತಾಳಲಾರದೆ ಫೋನಿಗೇ ಕೇಳಿದಳು, ಅವ್ವ ಏನಂದಿರಬಹುದು ಎಂದು. ಅದು ಬೇಸರವಿಲ್ಲದೆ ಸಾಲುಸಾಲಾಗಿ ಬರೆಯಿತು. ಒಂದು ಮಾತಿನಲ್ಲಿ ಅವ್ವ ಸಿಡುಕಿದ್ದಳು, ಇನ್ನೊಂದರಲ್ಲಿ ಸೋತಿದ್ದಳು, ಮತ್ತೊಂದರಲ್ಲಿ ಮಗಳು ಬಿಸಿಲಲ್ಲಿ ಹೋದಳಲ್ಲ ಎಂದು ಮರುಗಿದ್ದಳು. ಎಲ್ಲವೂ ಅವ್ವನ ಬಾಯಿಯ ಮಾತೇ, ಎಲ್ಲದರಲ್ಲೂ ಅವಳ ದನಿಯೇ. ಯಾವುದಾದರೂ ಒಂದು ಸುಳ್ಳೆಂದು ಕಂಡಿದ್ದರೆ ಶಿವಗಂಗಾಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಮರುದಿನ ಅವಳು ಮಾನವಿಯ ಬಸ್ಸು ಹತ್ತಿದಳು.

ಕಲ್ಲೂರು ದಾಟುವವರೆಗೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಈ ಸಲ ಯಾರ ಸಹಾಯವನ್ನೂ ಕೇಳಲಿಲ್ಲ.

ಸಿದ್ದಲಿಂಗಮ್ಮ ಮುನಿಸಿಕೊಂಡಿರಬಹುದೆಂದು ಶಿವಗಂಗಾ ಹೆದರಿದ್ದಳು. ಮುದುಕಿ ಕೈ ಹಿಡಿದು ಒಳಗೆ ಕರೆದೊಯ್ದು ತನ್ನ ಹಾಸಿಗೆಯ ಮೇಲೆ ಕೂರಿಸಿಕೊಂಡಳು. ಮಗ್ಗುಲಲ್ಲೇ ಒಂದು ಫೋನಿತ್ತು. ನನ್ನ ಮೊಮ್ಮಗಳು ಅದರಲ್ಲಿ ನಿನ್ನ ಅಳು ಹಾಕಿಕೊಟ್ಟಿದ್ದಾಳೆ, ದಿನಾ ಕೇಳುತ್ತೇನೆ, ಕೇಳಿದರೆ ಅಕ್ಕನೇ ಮುಂದೆ ಬಂದು ಕೂತಂತೆ ಆಗುತ್ತದೆ ಎಂದಳು.

ಶಿವಗಂಗಾ ತಡಮಾಡದೆ ಎಲ್ಲ ಹೇಳಿದಳು. ಆ ಅಳು ತನ್ನದಲ್ಲ, ಫೋನಿನೊಳಗಿನ ಯಂತ್ರ ಬರೆದದ್ದು; ಕದದ ಹಿಂದೆ ತನಗೆ ಏನೂ ಕೇಳಿಸಿರಲಿಲ್ಲ; ಅಂದು ಪಡಸಾಲೆಯಲ್ಲಿ ತಾನು ಸುಳ್ಳಾಡಿ ಚಿಗವ್ವನನ್ನೇ ಸುಳ್ಳುಗಾರ್ತಿಯನ್ನಾಗಿ ಮಾಡಿದೆ. ಹೇಳುತ್ತ ಹೇಳುತ್ತ ಮುದುಕಿಯ ಕಾಲು ಹಿಡಿದುಕೊಂಡಳು.

ಸಿದ್ದಲಿಂಗಮ್ಮ ಅವಳನ್ನು ಎಬ್ಬಿಸಿ ಬೆನ್ನು ಸವರಿದಳು. "ಫೋನಿಗೇನ ಗೊತ್ತವ್ವಾ ನಮ್ಮಕ್ಕನ ಸಂಕಟ? ಅಷ್ಟ ಬರೋಬ್ಬರಿ ಅದು ಹ್ಯಾಂಗ ಬರೀತದ? ನನ್ನ ಮನಸು ನೋಯಬಾರ್ದಂತ ಹೇಳಾಕತ್ತಿ ನೀನು. ತಪ್ಪು ನಂದು, ನನಗ ಮರವು ಆಗಿತ್ತು. ಕೇಳಿದಂಗ ಕೇಳಿದಂಗ ಎಲ್ಲಾ ನೆನಪಿಗಿ ಬಂತು. ಕದದ ಹಿಂದನ ನಿಂತಿದ್ಲು ಅಕ್ಕ. ಸೆರಗ ಬಾಯಾಗಿತ್ತು. ಕಣ್ಣಾಗ ಕಟ್ಟಿದಂಗ ಅದ."

"ಜ್ವಾಳ ಹಸನ ಮಾಡಾಕ ಕುಂತಿದ್ಲಂತ ಅಂದಿದ್ದಿ ಚಿಗವ್ವಾ. ನಿನ್ನ ಕಡಿ ತಿರುಗಿ ಒಂದ ಮಾತ ಅಂದ್ಲಂತ. ಏನಂದ್ಲು? ಅದೊಂದ ಹೇಳು."

ಮುದುಕಿ ಕಣ್ಣು ಮುಚ್ಚಿದಳು. ಒಳಗೆ ಏನನ್ನೋ ಹುಡುಕುವಂತೆ ತುಟಿ ಅಲುಗಿದವು. ಶಿವಗಂಗಾ ಆ ತುಟಿಗಳನ್ನೇ ನೋಡುತ್ತಿದ್ದಳು. ಕೊನೆಗೆ ಸಿದ್ದಲಿಂಗಮ್ಮ ಕಣ್ಣು ತೆರೆದು ತಲೆ ಅಲ್ಲಾಡಿಸಿದಳು.

"ಏನೂ ಅನ್ಲಿಲ್ಲವ್ವಾ. ಅಳಾಕತ್ತಿದ್ಲು. ಅಳೋ ಮುಂದ ಮಾತ ಎಲ್ಲಿ ಬರ್ತಾವ?"

ಆ ಮಾತನ್ನು ಕೇಳಿದ್ದ ಕಿವಿ ಜಗತ್ತಿನಲ್ಲಿ ಇದೊಂದೇ ಇತ್ತು. ಈಗ ಅಲ್ಲಿಯೂ ಅದು ಇಲ್ಲವೆಂದು ಶಿವಗಂಗಾಳಿಗೆ ತಿಳಿಯಿತು. ಅವ್ವ ಸತ್ತ ದಿನ ಬಾರದ ಸಂಕಟ ಹೊಟ್ಟೆಯ ತಳದಿಂದ ಎದ್ದು ಬಂತು. ಚಿಗವ್ವನ ಕೊರಳಿಗೆ ಬಿದ್ದು ಅವಳು ಅತ್ತಳು. ಒಂದು ಪದವಿಲ್ಲ, ರಾಗವಿಲ್ಲ, ಮೂಗು ಬಾಯಿಯೆಲ್ಲ ಒಂದಾಗಿ ದನ ಕೂಗಿದಂತೆ ಅತ್ತಳು.

ಸಿದ್ದಲಿಂಗಮ್ಮ ಸ್ವಲ್ಪ ಹೊತ್ತು ಬೆನ್ನು ತಟ್ಟಿದಳು. ಆಮೇಲೆ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ, ಚಿಕ್ಕ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು.

"ಹಿಂಗ್ಯಾಕ ಅಳ್ತೀಯವ್ವಾ? ಅವತ್ತ ಅತ್ತಂಗ ಛಂದಗ ಅಳು."