ಕಾಗದದ ಚಪ್ಪಲಿ

ಬೆರಳ ತುದಿಗೇ ಅಂಟಿಕೊಂಡಿತಲ್ಲ, ಹಾಳು ಬೆವರು, ಫ್ಯಾನು ಹಾಕುವಂತಿಲ್ಲ, ಹಾಕಿದರೆ ಎಡಗಾಲಿನದು ಹಾರಿ ಮಂಚದ ಕೆಳಗೆ ಸೇರಿಕೊಂಡರೆ ಮತ್ತೆ ಹುಡುಕುತ್ತಾ ಕೂರಬೇಕು, ಒಂದೊಂದೂ ಹುಣಸೆಬೀಜದಷ್ಟಿಲ್ಲ, ನೀಲಿ ಕಾಗದದ ಅಟ್ಟೆ, ಬಿಳಿ ಕಾಗದದ ಬಾರು — ಬಲಗಾಲಿನ ಬಾರಿಗೆ ಒಂದು ಪಿನ್ನು ಕೂಡ ಕೊಯ್ದಿದ್ದಾಳೆ, ಕೂದಲೆಳೆಯಷ್ಟು, ಯಾರಿಗೂ ಕಾಣುವುದಿಲ್ಲ, ಕಾಣದಿದ್ದರೇನು, ಅವ್ವನ ಚಪ್ಪಲಿಯ ಕಿತ್ತ ಬಾರಿಗೆ ಪಿನ್ನಿತ್ತು, ಈ ಸಲ ಇದ್ದದ್ದೆಲ್ಲ ಇರಬೇಕು, ಇಲ್ಲದ್ದು ಒಂದೂ ಇರಕೂಡದು. ಶೋಭಿತಾ ಉಸಿರು ಬಿಗಿಹಿಡಿದು ಬ್ಲೇಡಿನ ಮೊನೆಯಿಂದ ಚಪ್ಪಲಿಯನ್ನು ಬೆರಳಿನಿಂದ ಬಿಡಿಸಿ, ಕಾಗದ ಕೊಯ್ಯುವ ಹಸಿರು ಮ್ಯಾಟಿನ ಮೇಲೆ ಇನ್ನೊಂದರ ಪಕ್ಕ ಮಲಗಿಸಿದಳು. ನಾಳೆಗೆ ಅವ್ವ ಹೋಗಿ ಒಂದು ವರ್ಷ, ನಾಳೆ ಹನ್ನೊಂದಕ್ಕೆ ಊರಿನ ಭವನದಲ್ಲಿ ಬುದ್ಧವಂದನೆ, ಆಮೇಲೆ ನುಡಿನಮನ, ಆಮೇಲೆ ಊಟ, ಗೋಡೆಯ ಮೇಲೆ ಈ ಚೌಕಟ್ಟು, ಒಳಗೆ ಏಳು ಪದರ ಕಾಗದ, ಹಿಂದೊಂದು ಸಣ್ಣ ಲೈಟು. ಮೊದಲ ಪದರ ಆಕಾಶ, ಆಮೇಲೆ ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಕಮಾನುಗಳು, ಆಮೇಲೆ ಹೇಮಾವತಿಯ ಹಿನ್ನೀರು, ನೀರಿಗೇ ಮೂರು ಹಾಳೆ ಹೋಯಿತು, ಆರನೆಯದು ಅವ್ವ, ಏಳನೆಯದರಲ್ಲಿ ಅವ್ವನ ಬಲಗೈ, ಬೆರಳಿಗೆ ತೂಗುಹಾಕಿಕೊಂಡ ಈ ಎರಡು ಚಪ್ಪಲಿ. ಅಷ್ಟನ್ನು ಅಂಟಿಸಿದರೆ ಮುಗಿಯಿತು. ಅಪ್ಪ ಬೆಳಗಿನ ಬಸ್ಸಿಗೇ ಊರಿಂದ, ದುದ್ದದಿಂದ, ಹಾಸನದ ಈ ಕೋಣೆಗೆ ಬಂದು ಹೊಸ್ತಿಲಲ್ಲಿ ಕೂತಿದ್ದಾನೆ, ಚೌಕಟ್ಟು ಒಯ್ಯುವುದಕ್ಕೆ, ಮಡಿಲಲ್ಲಿಟ್ಟುಕೊಂಡು ಹೋಗುತ್ತಾನಂತೆ, ಐದರ ಬಸ್ಸಿಗೆ ಸೀಟು ಸಿಗುತ್ತದಂತೆ.

ಫ್ಲೆಕ್ಸೇ ಸಾಕಾಗಿತ್ತಲ್ಲ ಅಕ್ಕ, ಒಂದು ಗಂಟೆ ಕೆಲಸ, ಎಂದಿದ್ದ ತಮ್ಮ ಗೌತಮ್, ಅವನಿಗೇನು, ಫ್ಲೆಕ್ಸಿನ ಒಳಗುಟ್ಟು ಅವನಿಗೆ ಹೇಗೆ ಗೊತ್ತಾಗಬೇಕು. ಏಳು ವರ್ಷ, ಹಾಸನದ ಚಂದ್ರಶೇಖರಯ್ಯನವರ ಅಂಗಡಿಯಲ್ಲಿ ಡಿಸೈನರ್ರು, ಎಷ್ಟು ಸತ್ತವರನ್ನು ಸಿಂಗಾರ ಮಾಡಿಲ್ಲ ಈ ಕೈ, ಭಾವಪೂರ್ಣ ಶ್ರದ್ಧಾಂಜಲಿ, ಎರಡು ಕಡೆ ದೀಪ, ಮೇಲೊಂದಿಷ್ಟು ಮೋಡ, ಹೊಳೆನರಸೀಪುರದವರಾಗಲಿ ಅರಕಲಗೂಡಿನವರಾಗಲಿ ಸ್ವರ್ಗಕ್ಕೆ ಹೋಗುವುದು ಅದೇ ಮೋಡದ ಮೇಲೆ, ಜನ ತರುವುದು ಆಧಾರ್ ಕಾರ್ಡಿನ ಫೋಟೋ, ರೇಷನ್ ಕಾರ್ಡಿನ ಫೋಟೋ, ಬರೀ ತಲೆ, ಮೈ ನಾವೇ ಕೊಡಬೇಕು, ಗಂಡಸರಿಗೆ ಕೋಟು, ಹೆಂಗಸರಿಗೆ ರೇಷ್ಮೆ ಸೀರೆ, ಕಂಪ್ಯೂಟರಿನಲ್ಲಿ ರೆಡಿ ಇರುತ್ತವೆ, ಲೇಡಿ ಒಂದು, ಲೇಡಿ ಎರಡು, ಲೇಡಿ ಮೂರು. ಲೇಡಿ ಮೂರು ಹಸಿರು ಸೀರೆ, ಕೆಂಪು ಅಂಚು, ಎಲ್ಲಕ್ಕಿಂತ ಚಂದ. ಹೋದ ವರ್ಷ ಊರಿನ ದೊಡ್ಡ ಮನೆಯ ಜಯಲಕ್ಷ್ಮಮ್ಮ ತೀರಿಕೊಂಡಾಗ ತಿಥಿಯ ಫ್ಲೆಕ್ಸು ಅವಳೇ ಮಾಡಿದ್ದು, ಲೇಡಿ ಮೂರು, ಮಗ ಸಂಜಯ್ ನೋಡಿ, ಅಮ್ಮ ಎದ್ದು ಬಂದಂಗಿದೆ ಎಂದು ಕಣ್ಣೊರೆಸಿಕೊಂಡಿದ್ದರು. ಅದಾಗಿ ನಾಲ್ಕನೇ ದಿನಕ್ಕೆ ಅವ್ವ, ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ, ಸಾರಿನ ಸೌಟು ಕೈಯಲ್ಲಿರುವಾಗಲೇ ಕುಸಿದದ್ದು. ಯಾರೂ ಮಾಡು ಅನ್ನಲಿಲ್ಲ, ತಾನೇ ಹೋಗಿ ಕೂತಳು ಕಂಪ್ಯೂಟರಿನ ಮುಂದೆ, ಗೌತಮ್ ಕಳಿಸಿದ್ದ ಶೆಟ್ಟಿಹಳ್ಳಿಯ ಫೋಟೋ, ಅವ್ವ ಪೂರ್ತಿ ನಿಂತಿದ್ದ ಒಂದೇ ಒಂದು ಫೋಟೋ, ಅದರಿಂದ ನಗುವ ತಲೆಯನ್ನಷ್ಟೇ ಕತ್ತರಿಸಿಕೊಂಡು, ಮಿಕ್ಕದ್ದನ್ನು ಅಳಿಸಿ, ಅದೇ ಹೆಸರಿನಲ್ಲಿ ಸೇವ್ ಒತ್ತಿದಳು, ದಿನಕ್ಕೆ ನೂರು ಸಲ ಒತ್ತುವ ಬೆರಳು, ಕಣ್ಣು ಕತ್ತಲಿಟ್ಟಿದ್ದರೂ ತಪ್ಪದೆ ಒತ್ತಿತು. ಅವ್ವನ ಮೈ ಹೋಯಿತು, ಕೈ ಹೋಯಿತು, ಕಾಲು ಹೋಯಿತು. ಜಾಗವಿಲ್ಲವೆಂದು ತನ್ನ ಫೋನಿನಿಂದ ಆಗಲೇ ಅಳಿಸಿದ್ದಳು, ಗೌತಮನ ಫೋನು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕಳೆಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ. ಉಳಿದ ತಲೆಗೆ ಯಾವ ಮೈ ಕೊಟ್ಟಳು, ನೋಡಲೇ ಇಲ್ಲ, ಚಂದದ್ದು ಕೊಟ್ಟಳು, ಲೇಡಿ ಮೂರು.

ಊರಿಗೆ ಒಂದೇ ಸರ್ಕಲ್ಲು, ಎದುರು ಬದುರು ಎರಡು ಫ್ಲೆಕ್ಸು, ಒಂದೇ ಹಸಿರು ಸೀರೆಯಲ್ಲಿ ದೊಡ್ಡ ಮನೆಯ ಜಯಲಕ್ಷ್ಮಮ್ಮನವರೂ ಅವರ ಹೊಲದಲ್ಲಿ ಕಳೆ ಕಿತ್ತ ಅವ್ವ ಮಲ್ಲಿಗಮ್ಮನೂ. ಸಂಜಯ್ ಕೂಗಾಡಲಿಲ್ಲ, ಕೂಗಾಡಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು, ಫೋನಿನಲ್ಲಿ ಮೆತ್ತಗೆ, ನೋಡಮ್ಮ ಶೋಭಿತಾ, ನಾವೇನ್ ಜಾತಿ ಮಾಡ್ತಿಲ್ಲ, ಮಲ್ಲಿಗಮ್ಮ ನಮ್ ಮನೆಯೋಳ ಥರಾನೇ ಇದ್ಲು, ಆದ್ರೂ ನೋಡೋರ್ಗೆ ಒಂಥರಾ ಕಾಣ್ತದೆ ಕಣಮ್ಮ. ಆಯ್ತು ಸಾ ಎಂದಳು. ಅವ್ವನನ್ನು ಮಣ್ಣು ಮಾಡಿ ಒಂದು ದಿನ ಆಗಿತ್ತು ಅಷ್ಟೆ, ಆಯ್ತು ಸಾ ಎಂದು ಅಂಗಡಿಗೆ ಹೋಗಿ ಹಸಿರನ್ನು ಬೂದು ಮಾಡಿದಳು, ಕೆಂಪು ಅಂಚು ಅಳಿಸಿದಳು, ಚಂದ್ರಶೇಖರಯ್ಯನವರು, ಪ್ರಿಂಟಿಂದು ನಾನೇ ಹಾಕ್ಕೊಳ್ತೀನಿ ಬಿಡಮ್ಮ ಎಂದು ಬೆನ್ನು ತಟ್ಟಿದರು, ಮಧ್ಯಾಹ್ನದೊಳಗೆ ಹಳೆಯದು ಇಳಿದು ಹೊಸದು ಏರಿತು. ಅಪ್ಪನಿಗೆ ಏನು ಹೇಳಿದಳು, ಬಣ್ಣ ಸರಿ ಬಂದಿರಲಿಲ್ಲ ಎಂದಳು. ಅಪ್ಪ, ಊಂ, ಎಂದ. ಇಳಿಸಿದ ಫ್ಲೆಕ್ಸು ಈಗಲೂ ಯಾರದೋ ಬಣವೆಯ ಮೇಲಿದೆ, ಬಸ್ಸಿನಿಂದ ಕಾಣುತ್ತದೆ, ಅವ್ವನ ಮುಖ ಒಳಮಗ್ಗುಲಿಗೆ, ಪುಣ್ಯ.

ಅದಕ್ಕೇ ಕಾಗದ, ಅದಕ್ಕೇ ಬ್ಲೇಡು, ಅಂಗಡಿಯಲ್ಲಿ ಮದುವೆ ಕಾರ್ಡು ಕತ್ತರಿಸಿ ಉಳಿದ ಪಟ್ಟಿಗಳನ್ನು ಮನೆಗೆ ತಂದು ಹೂವು ಮಾಡುತ್ತಿದ್ದವಳು, ತಾವರೆ ಮಾಡುತ್ತಿದ್ದವಳು, ನೋಡವ್ವ ಎಂದರೆ ಅವ್ವ ರೊಟ್ಟಿ ತಟ್ಟುತ್ತಲೇ, ಅಯ್ಯೋ ನಿನ್ನ, ಉಣ್ಣೋ ಕೈಲಿ ಪೇಪರ್ ಕೊಯ್ಕಂಡು ಕುಂತವ್ಳೆ, ಇದ್ನ ಯಾರ್ ಮುಡ್ಕತಾರೆ, ಎಂದು ನಗುವುದು, ಮಾರನೇ ದಿನ ನೋಡಿದರೆ ಅದೇ ತಾವರೆ ಬುದ್ಧನ ಫೋಟೋದ ಮುಂದೆ. ಕಾಗದದಲ್ಲಿ ಸುಳ್ಳಿಲ್ಲ ಎಂದುಕೊಂಡಿದ್ದಳು, ಕೊಯ್ದದ್ದು ಕೊಯ್ದದ್ದೇ, ಹಿಂದಕ್ಕೆ ಒತ್ತುವ ಗುಂಡಿಯಿಲ್ಲ, ಮೂರು ತಿಂಗಳು ಕೂತು ನೆನಪಿನಿಂದಲೇ ಅವ್ವನ ಮೈ ಕೊಯ್ದಳು, ಮುಖಕ್ಕೆ ಆ ಉಳಿದ ತಲೆ ಇತ್ತು, ಅದೇ ನಗು, ಮಿಕ್ಕದ್ದೆಲ್ಲ ನೆನಪು, ವಾಯಿಲ್ ಸೀರೆಯ ಸಣ್ಣ ಹೂವು, ಎತ್ತಿ ಸಿಕ್ಕಿಸಿದ ನೆರಿಗೆ, ಬರಿಗಾಲು, ಹತ್ತು ಬೆರಳನ್ನೂ ಬಿಡಿಬಿಡಿಯಾಗಿ ಕೊಯ್ದಿದ್ದಾಳೆ, ಕಿರುಬೆರಳು ಮೂರು ಸಲ ಹರಿಯಿತು. ಆ ದಿನದ ಅವ್ವ ಅವಳಿಗೆ ಯಾವಾಗಲೂ ಬೇಕಾದ ಅವ್ವ, ಸಂಕ್ರಾಂತಿ ಕಳೆದ ಭಾನುವಾರ, ಬಾಡಿಗೆ ಆಟೋದಲ್ಲಿ ನಾಲ್ಕೂ ಜನ, ಹುಟ್ಟಿದ ಮೇಲೆ ಒಂದೇ ಸಲ ಅವ್ವ ಕೆಲಸವಿಲ್ಲದೆ ಎಲ್ಲಿಗೋ ಹೋದದ್ದು, ಬರಿಗಾಲಲ್ಲಿ, ಹುಡುಗಿಯ ಹಾಗೆ ಚಪ್ಪಲಿ ಬೆರಳಿಗೆ ತೂಗುಹಾಕಿಕೊಂಡು, ನೀರಿನ ಅಂಚಿನಲ್ಲಿ ನಗುತ್ತಾ ನಿಂತದ್ದು. ಯಾಕವ್ವ ಚಪ್ಪಲಿ ಬಿಚ್ಚಿದೆ ಎಂದಿದ್ದಕ್ಕೆ ಆಟೋ ಹತ್ತುವಾಗ ಏನೆಂದಳು, ಪಿನ್ನು ಚುಚ್ತದೆ ಕಣೆ. ಯಾವಾಗಲೂ ಅದೇ, ಸಣ್ಣವಳಿದ್ದಾಗ ಬಸ್‌ಸ್ಟ್ಯಾಂಡಿಗೆ ಕೈಹಿಡಿದು ಕರೆದೊಯ್ಯುವಾಗಲೂ ಸೇದೋಬಾವಿಯ ತಿರುವಿನಲ್ಲಿ ಬಗ್ಗಿ ಚಪ್ಪಲಿ ಬಿಚ್ಚುವುದು, ಪಿನ್ನು ಚುಚ್ತದೆ, ಅರಳಿಕಟ್ಟೆ ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳುವುದು, ಹೊಸದು ತಗೋ ಅವ್ವ ಎಂದರೆ, ಇದ್ಕೇನಾಗದೆ. ಮೊದಲ ಸಂಬಳದಲ್ಲಿ ತಂದುಕೊಟ್ಟ ಹೊಸ ಜೊತೆಗೂ ತಿಂಗಳೊಳಗೆ ಅದು ಹೇಗೋ ಒಂದು ಪಿನ್ನು ಬಂದುಬಿಟ್ಟಿತ್ತು.

ಅಪ್ಪ ಟೀ ಲೋಟ ಹಿಡಿದುಕೊಂಡು ಒಳಗೆ ಬಂದ, ಬಗ್ಗಿ ನೋಡಿದ, ಅಂಟಿನ ವಾಸನೆಗೆ ಮೂಗು ಸುಕ್ಕು ಮಾಡಿದ, ಕಾಗದದ ಅವ್ವನ ಮುಖ ನೋಡಿದ. ಅಂಗೇ ಅವ್ಳೆ ಕಣ್ ಮಗಾ, ಎಂದ ಆಮೇಲೆ. ಅಷ್ಟಕ್ಕೇ ನಿಲ್ಲಿಸಿದ್ದರೆ. ಚಪ್ಲೀನೂ ಮಾಡೀಯಾ, ಎಂದ ಮ್ಯಾಟಿನ ಮೇಲಿದ್ದದ್ದನ್ನು ನೋಡಿ, ಕಾಲ್ಗೋ ಕೈಗೋ. ಕೈಗಪ್ಪ, ಅವತ್ತು ಕೈಲಿ ಹಿಡ್ಕೊಂಡಿತ್ತಲ್ಲ, ಕೆಸರಿತ್ತಲ್ಲ ಅಲ್ಲಿ, ಪಿನ್ನು ಬೇರೆ ಚುಚ್ಚುತ್ತೆ ಅಂತಿತ್ತು. ಅಪ್ಪ ಟೀ ಊದಿದ. ಕೆಸ್ರೆಲ್ಲಿತ್ತು, ಕಲ್ಲಾಸಿನ್ ಮೇಲೆ ನಿಂತಿದ್ದದ್ದು ನಾವು. ನೀನು ಒಳ್ಗೆ ಕಮಾನ್ ಫೋಟ ತಗೀತೀನಿ ಅಂತ ಓಗಿದ್ದೆ. ದೊಡ್ಮನೆ ಗೌಡ್ರ ಕಾರ್ ಬಂದು ನಿಂತ್ಕತು ನೋಡು, ಜಯಲಕ್ಷ್ಮಮ್ಮಾವ್ರು ಇಳುದ್ರು, ಪಾಪ ಅವ್ರೂ ನೋಡಕ್ ಬಂದಿದ್ರು. ಇವ್ಳು ತಟ್ನೆ ಬಗ್ಗಿ ಚಪ್ಲಿ ಬಿಚ್ಚಿ ಕೈಗ್ ತಕಂಬುಟ್ಳು. ಅಮ್ಮಾವ್ರೇ ಅಂದ್ರು, ಆಕ್ಕಳೆ ಮಲ್ಲಿಗಿ, ಇಲ್ಲೇನ್ ನಮ್ ಬೀದಿ ಅದಾ, ಅಂತ. ಇವ್ಳು ಆಕ್ಕಳ್ಳಿಲ್ಲ, ನಕ್ಕಂಡು ನಿಂತ್ಕಂಡ್ಳು, ಅಂಗೇ ಗೌತಮ ಒತ್ತುಬುಟ್ಟ ಫೋಟವ. ಅಪ್ಪ ಹೇಳುವುದು ಹೇಗೆ, ರಾಗಿಗೆ ಮಳೆ ಬಂತು ಎನ್ನುವ ಹಾಗೆ, ಲೋಟ ಕೆಳಗಿಡುತ್ತಾ. ಪಿನ್ನೇನ್ ಚುಚ್ತಿರ್ಲಿಲ್ಲ ಅವ್ಳಿಗೆ, ನಿಮ್ಗೇಳ್ತಿದ್ಳು ಅಷ್ಟೇಯ. ಬಾವಿ ತಿರುವಿಂದ ಅರಳಿಕಟ್ಟೆ ಗಂಟ ಗೌಡ್ರ ಬೀದಿ ಅಲ್ವಾ, ನಮ್ಮವ್ವ ಕಲ್ಸಿದ್ದು ಅವ್ಳು ಮದ್ವೆಯಾಗಿ ಬಂದಾಗ. ಬುಡು ಅಂದ್ರೂ ಬುಡ್ನಿಲ್ಲ. ಕಾಲ್ ತಾನಾಗೇ ಬಿಚ್ಕತದೆ ಕಣಯ್ಯ, ಅಂತಿದ್ಳು.

ಆ ನಗು. ಅದೊಂದೇ ನಿಜವಾದದ್ದು ಎಂದುಕೊಂಡಿದ್ದಳಲ್ಲ, ಮೈ ಹೋದರೂ ನಗು ಉಳಿಯಿತಲ್ಲ ಎಂದು ವರ್ಷವೆಲ್ಲ ಸಮಾಧಾನ ಮಾಡಿಕೊಂಡಳಲ್ಲ, ಫ್ಲೆಕ್ಸಿನಲ್ಲಿ ನಕ್ಕದ್ದು ಆ ನಗು, ಬೂದು ಸೀರೆಯ ಮೇಲೂ ಆ ನಗು, ಬಣವೆಯ ಮೇಲೆ ಒಣಹುಲ್ಲಿಗೆ ಮುಖ ಕೊಟ್ಟು ನಗುತ್ತಿರುವುದೂ ಅದೇ, ಈಗ ಐದು ಪದರದ ಮುಂದೆ ತಾನೇ ಕೈಯಾರೆ, ತುಟಿಯ ಒಂದೊಂದು ಗೆರೆ ಬಿಡದೆ ಕೊಯ್ದಿಟ್ಟದ್ದೂ — ಆಯ್ತು ಸಾ ಎಂದಾಗ ತನ್ನ ಮುಖವೂ ಹಾಗೇ ಇತ್ತೋ ಏನೋ, ಫೋನಿನಲ್ಲಿ ಯಾರಿಗೂ ಕಾಣುವುದಿಲ್ಲವೆಂದು ಗೊತ್ತಿದ್ದೂ ನಕ್ಕಿದ್ದಳು, ಹೌದು, ನಕ್ಕಿದ್ದಳು. ಅವ್ವ ಬಿಡಲಿಲ್ಲವಂತೆ, ತಾನೇನು ಬಿಟ್ಟಳು, ಡಿಪ್ಲೊಮಾ ಮಾಡಿದವಳು, ಆ ಬೀದಿಯಲ್ಲಿ ಟಕಟಕ ಹೀಲ್ಸು ಕುಟ್ಟಿಕೊಂಡು ಓಡಾಡಿದವಳು. ಅವ್ವನ ಮೇಲೆ ಸಿಟ್ಟು ಬರುತ್ತಿದೆ, ಸತ್ತವರ ಮೇಲೆ ಸಿಟ್ಟು, ಒಂದು ಸಲ ಹೇಳಬಾರದಿತ್ತೇ, ಚುಚ್ಚುವುದು ಪಿನ್ನಲ್ಲ ಎಂದು, ಹೇಳಿದ್ದರೆ ಏನು ಮಾಡುತ್ತಿದ್ದೆ, ಇನ್ನೊಂದು ಹೊಸ ಜೊತೆ ತರುತ್ತಿದ್ದೆ. ಅಂಟಿನ ಟ್ಯೂಬಿನ ಬಾಯಲ್ಲಿ ಒಂದು ಹನಿ ಉಬ್ಬಿ ನಿಂತಿದೆ. ಕಾಲ್ಗಾಕ್ಬುಡು ಮಗಾ, ಎನ್ನುತ್ತಿದ್ದಾನೆ ಅಪ್ಪ, ನಾಕೂವರೆ ಆಯ್ತು, ಕಾಲ್ಗೇ ಆಕು, ಈಗ್ಯಾರ್ ಕೇಳ್ತಾರೆ. ಹಾಕಬಹುದು, ಆ ಹತ್ತು ಬೆರಳು ಮುಚ್ಚಿಹೋಗುತ್ತವೆ, ಮುಚ್ಚಿದರೆ ಮತ್ತೆ ಲೇಡಿ ಮೂರೇ ಆಯಿತಲ್ಲ, ಇಲ್ಲದ್ದನ್ನು ತೊಡಿಸಿ ನೋಡುವವರ ಕಣ್ಣು ತಣ್ಣಗೆ ಮಾಡಿದ ಹಾಗೆ. ಕೈಗೇ ಹಾಕಿದರೆ ನಾಳೆ ಸಂಜಯ್ ಬರುತ್ತಾರೆ, ಬಂದೇ ಬರುತ್ತಾರೆ, ಒಳ್ಳೆಯವರು, ಮಾಲೆ ತರುತ್ತಾರೆ, ಗೋಡೆ ನೋಡಿ, ಪಾಪ ಎಷ್ಟು ನಗ್ತಾ ಇದ್ದಾಳೆ ಮಲ್ಲಿಗಮ್ಮ ಎನ್ನುತ್ತಾರೆ, ಚಪ್ಪಲಿ ನೋಡುವುದೂ ಇಲ್ಲ, ನೋಡಿದರೂ ಎಲ್ಲಿರಬೇಕೋ ಅಲ್ಲಿದೆ. ಎರಡೂ ಬೇಡವೆಂದು ಬಿಟ್ಟರೆ ಆ ಕೈ, ಎರಡು ಬೆರಳು ಕೊಕ್ಕೆಯಂತೆ ಬಾಗಿಸಿ ಕೊಯ್ದಾಗಿದೆ, ಬರೀ ಗಾಳಿ ಹಿಡಿದುಕೊಂಡು ನಿಲ್ಲುತ್ತದೆ, ನೇರ ಮಾಡಲಾಗುವುದಿಲ್ಲ, ಕೊಯ್ದದ್ದು ಕೊಯ್ದದ್ದೇ. ಒಲೆಯ ಸುಟ್ಟ ಕಲೆ ಇದ್ದ ಕೈ, ತನ್ನನ್ನು ಆ ಬೀದಿಯುದ್ದಕ್ಕೂ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಚಪ್ಪಲಿ. ಆಯ್ತೇನವ್ವ, ಬಸ್ಸಿಗೊತ್ತಾಯ್ತದೆ, ಎಂದ ಅಪ್ಪ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಆಯ್ತಪ್ಪ ಎಂದಳು, ಮ್ಯಾಟಿನ ಮೇಲಿಂದ ಎರಡನ್ನೂ ಎತ್ತಿಕೊಂಡಳು, ಕೈಗೂ ಒಯ್ಯಲಿಲ್ಲ, ಕಾಲಿಗೂ ಒಯ್ಯಲಿಲ್ಲ, ಅಂಗೈ ಬೆವೆತಿತ್ತು, ಅಂಟಿಲ್ಲದೆಯೇ ಅಂಟಿಕೊಂಡವು, ನೀಲಿ ಅಟ್ಟೆ, ಬಿಳಿ ಬಾರು, ಬಲಗಾಲಿನದಕ್ಕೆ ಕೂದಲೆಳೆಯಷ್ಟು ಪಿನ್ನು, ಕೊಡವಿದಳು, ಬೀಳಲಿಲ್ಲ, ಅವ್ವನ ಚಪ್ಪಲಿ, ಎರಡೂ, ಮಗಳ ಕೈಯಲ್ಲಿ.