ಬೆಚ್ಚಗಾದ ಬಾವಿ

ಹನ್ನೆರಡು ವರ್ಷದ ಹಿಂದೆ, ಗುಡ್ಡದ ಮೇಲೆ ಭೂಶಾಖದ ವಿದ್ಯುತ್ ಸ್ಥಾವರ ಶುರುವಾಗುವಾಗ, ಅಲ್ಲಿನ ಎಂಜಿನಿಯರ್ ಕೆಳಗಿನ ಓಣಿಯ ಲಾಂಡ್ರಿಯ ಅಂಗಳದಲ್ಲೇ ನಿಂತು ಮಾತು ಕೊಟ್ಟಿದ್ದರು: "ಆಳದಿಂದ ಬಿಸಿನೀರು ತೆಗೆದು ಕರೆಂಟ್ ಮಾಡ್ತೀವಿ. ಆಮೇಲೆ ಅಷ್ಟೂ ನೀರನ್ನ ವಾಪಸ್ ಆಳಕ್ಕೇ ಬಿಡ್ತೀವಿ. ನಿಮ್ಮ ಬಾವಿಗೆ ಒಂದು ತೊಟ್ಟೂ ಸೇರಲ್ಲ."

ಈ ವರ್ಷ ಬಾವಿಯ ನೀರು ಬೆಚ್ಚಗಾಯಿತು.

ಲಾಂಡ್ರಿಯ ಅಜ್ಜಿಗೆ ಖುಷಿಯೋ ಖುಷಿ. ಬಟ್ಟೆ ನೆನೆಸಲು ಹಂಡೆ ಕಾಯಿಸುವ ಕೆಲಸ ಅರ್ಧ ತಪ್ಪಿತು. ಸೊಸೆಗೆ ಮಾತ್ರ ಸಮಾಧಾನವಿಲ್ಲ. ಸೋಪು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ. ಒಣಗಿದ ಕರಿ ಪ್ಯಾಂಟುಗಳ ಮೇಲೆ ಬಿಳಿ ಕಲೆ. ಕುಂಡದ ಗಿಡಗಳ ಎಲೆಯಂಚು ಸುಟ್ಟಂತೆ ಕಂದಿತ್ತು. ಅವಳ ಏಳು ತಿಂಗಳ ಮಗುವಿಗೆ ಹಾಲಿನ ಪುಡಿ ಕಲಸುವುದೂ ಇದೇ ನೀರಿನಲ್ಲಿ. ಅವಳು ಒಂದು ಬಾಟಲಿ ನೀರನ್ನು ನಾದಿನಿಗೆ ಕಳಿಸಿದಳು. ನಾದಿನಿ, ಅಂದರೆ ಅಜ್ಜಿಯ ಮಗಳು, ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ.

ವರದಿ ಬಂದ ದಿನವೇ ನಾದಿನಿ ಓಡಿ ಬಂದಳು. ಅಜ್ಜಿ ಮಗುವಿಗೆ ಹಾಲು ಕುಡಿಸಲು ಕೂತಿದ್ದಳು.

"ಅಮ್ಮಾ, ಆ ಹಾಲು ಕೊಡಬೇಡ! ಬಾವಿ ನೀರಲ್ಲಿ ಆರ್ಸೆನಿಕ್ ಇದೆ."

"ಅದ್ಯಾರೇ ಅವನು?"

"ವಿಷ ಕಣಮ್ಮ. ಆಳದ ಬಂಡೆಯಿಂದ ಬಿಸಿನೀರಿಗೆ ಇಳಿಯುತ್ತೆ. ಗುಡ್ಡದ ಸ್ಥಾವರದ ಪೈಪು ಎಲ್ಲೋ ಸೋರ್ತಿರಬೇಕು."

"ನಾನೇನು ಹಸಿನೀರು ಕೊಡ್ತೀನಾ? ಎರಡೆರಡು ಸಲ ಕುದಿಸ್ತೀನಿ. ನಿನ್ನನ್ನ ಸಾಕಿದ್ದೂ ಹಾಗೇ. ಈಗ ಬಂದ್ಬಿಟ್ಲು, ದೊಡ್ಡ ಡಾಕ್ಟ್ರು!"

"ಕುದಿಸಿದ್ರೆ ಕ್ರಿಮಿ ಸಾಯುತ್ತೆ. ಇದು ಕ್ರಿಮಿ ಅಲ್ಲ. ನೀರು ಆವಿಯಾಗಿ ಕಮ್ಮಿ ಆಗುತ್ತೆ, ವಿಷ ಅಷ್ಟೂ ಪಾತ್ರೇಲೇ ಉಳಿಯುತ್ತೆ. ಎರಡು ಸಲ ಕುದಿಸಿದ್ರೆ ಇನ್ನೂ ಗಟ್ಟಿ."

ಅಜ್ಜಿ ಕೈಯಲ್ಲಿದ್ದ ಹಾಲಿನ ಬಾಟಲಿಯನ್ನೇ ನೋಡಿದಳು.

"ಹಾಗಾದ್ರೆ ಇಷ್ಟು ದಿನ ನಾನೇ..."

"ನಮಗ್ಯಾರಿಗೂ ಗೊತ್ತಿರ್ಲಿಲ್ಲ ಅತ್ತೆ," ಎಂದಳು ಸೊಸೆ. "ಮೊದಲು ಮಗೂನ ಡಾಕ್ಟ್ರಿಗೆ ತೋರಿಸೋಣ."

ಡಾಕ್ಟರು ಪರೀಕ್ಷಿಸಿ, ನೀರು ಬದಲಿಸಿದ್ದು ಒಳ್ಳೆಯದಾಯಿತು, ಪ್ರತಿ ತಿಂಗಳು ಮಗುವನ್ನು ತೋರಿಸುತ್ತಿರಿ ಎಂದರು.

ಮರುದಿನ ಅಜ್ಜಿ ಅಂಗಡಿಗೆ ಬೀಗ ಹಾಕಿದಳು. ಓಣಿಯ ಹನ್ನೊಂದು ಮನೆಯವರನ್ನು ಕರೆದುಕೊಂಡು, ವರದಿ ಹಿಡಿದು ನೀರು ಸರಬರಾಜು ಕಚೇರಿಗೆ ನಡೆದಳು.

"ಅರ್ಜಿ ಕೊಟ್ಟು ಹೋಗಿ, ನೋಡೋಣ," ಎಂದ ಗುಮಾಸ್ತ.

"ನೋಡಪ್ಪ, ನಿಧಾನವಾಗಿ ನೋಡು. ಅಲ್ಲೀತನಕ ಇಲ್ಲೇ ಕೂತಿರ್ತೀವಿ. ಮೋಡ ಮುಚ್ಚಿದ ದಿನ ಬಟ್ಟೆ ಒಣಗಿಸೋರು ನಾವು. ಕಾಯೋದು ನಮಗೇನು ಹೊಸದಲ್ಲ."

ಸಂಜೆಗೆ ಓಣಿಗೆ ಕುಡಿಯುವ ನೀರಿನ ಟ್ಯಾಂಕರ್ ಬಂತು. ನಾಲ್ಕನೇ ದಿನ ತಪಾಸಣೆಯವರು ಗುಡ್ಡ ಹತ್ತಿದರು. ಬಳಸಿದ ನೀರನ್ನು ಆಳಕ್ಕೆ ಇಳಿಸುವ ಕೊಳವೆ ಅರ್ಧದಲ್ಲೇ ಬಿರುಕು ಬಿಟ್ಟು, ನೀರು ಬಾವಿಯ ಸೆಲೆಗೆ ಸೇರುತ್ತಿತ್ತು. ಅದನ್ನು ಮುಚ್ಚಿಸಿದರು. ಬಾವಿ ಮೊದಲಿನಂತಾಗಲು ವರ್ಷಗಳೇ ಬೇಕಂತೆ.

ನಿಮ್ಮ ಬಾವಿಯ ನೀರೂ ಇದ್ದಕ್ಕಿದ್ದಂತೆ ಬೆಚ್ಚಗಾಯಿತೇ? ಉಪ್ಪಾಯಿತೇ? ಕುಡಿಯುವುದನ್ನೂ ಅಡುಗೆಗೆ ಬಳಸುವುದನ್ನೂ ಇವತ್ತೇ ನಿಲ್ಲಿಸಿ. ಕುದಿಸಿದೆವಲ್ಲ ಎಂದು ಸುಮ್ಮನಾಗಬೇಡಿ. ಆರ್ಸೆನಿಕ್ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ನೀರನ್ನು ಪರೀಕ್ಷೆಗೆ ಕೊಡಿ. ವರದಿ ಕೈಗೆ ಬಂದರೆ ಒಬ್ಬರೇ ಹೋಗಬೇಡಿ, ಓಣಿಯೇ ಎದ್ದು ಹೋಗಲಿ.

ಎಂಜಿನಿಯರ್ ಕೊಟ್ಟ ಮಾತು ಉಳಿಯಲಿಲ್ಲ.